ನಾವು ಮತ್ತೆ ಲೈನಿಗೆ ಬಂದದ್ದು

"ಮನೆಗೆ ಲೈನ್ ಹಾಕಿಸೋಣ ಅಂತಿದೀನಿ" ಎಂದು ನಾನು ಹೇಳಿದ್ದೇ ತಪ್ಪಾಯಿತು. ನನ್ನ ಹೆಂಡತಿ ಸೀತಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಬಂದಳು.

"ನಾಲ್ಕು ವರ್ಷ ನನ್ನ ಲೈನಲ್ಲಿ ಇಟ್ಟಿದ್ದು ಸಾಲ್ದಾ? ಈಗ ಅದನ್ನ ಮನೆಗೇ ತರ್ಬೇಕಾ?"

ಅವಳ ತಪ್ಪೇನಿಲ್ಲ. ಕಾಫಿ ಸೀಮೆಯಲ್ಲಿ ಲೈನ್ ಅಂದರೆ ತೋಟದ ಕೆಲಸದವರಿಗೆಂದು ಒಂದೇ ಮಾಡಿನ ಕೆಳಗೆ ಸಾಲಾಗಿ ಕಟ್ಟಿದ ಮನೆಗಳು. ನಾನು ಕಳಸದ ಕಡೆ ಒಂದು ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷ ರೈಟರ್ ಆಗಿದ್ದವನು. (ರೈಟರ್ ಅಂದಕೂಡಲೇ ಕಾದಂಬರಿ ಕೇಳಬೇಡಿ. ನಾನು ಬರೆದದ್ದು ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ ಎಂಬ ಚೆಕ್‌ರೋಲ್ ಒಂದೇ. ಅದಕ್ಕೆ ಓದುಗರೂ ಬಹಳ, ವಿಮರ್ಶಕರು ಇನ್ನೂ ಬಹಳ.) ಮದುವೆಯಾಗಿ ಸೀತೆಯನ್ನು ಕರೆತಂದಾಗ ರೈಟರ್ ಕ್ವಾರ್ಟರ್ಸಿನ ರಿಪೇರಿ ನಡೆಯುತ್ತಿತ್ತು. "ಒಂದು ಮೂರು ತಿಂಗಳು ಲೈನಲ್ಲಿರಿ ಗಣಪಯ್ಯ" ಅಂದರು ಮ್ಯಾನೇಜರು. ಆ ಮೂರು ತಿಂಗಳು ಮುಗಿಯಲು ನಾಲ್ಕು ವರ್ಷ ಹಿಡಿಯಿತು.

"ಆ ಲೈನ್ ಅಲ್ಲ ಮಾರಾಯ್ತಿ, ಗ್ಯಾಸ್ ಲೈನ್!" ಎಂದು ನಾನು ನನ್ನ ಮಹಾಯೋಜನೆಯನ್ನು ಮಂಡಿಸಿದೆ. ಮನೆಯ ಹೊರಗೆ ಎರಡು ಸಿಲಿಂಡರ್. ಅಲ್ಲಿಂದ ಗೋಡೆಗುಂಟ ಬರುವ ತಾಮ್ರದ ಪೈಪಿಗೆ ಮೂರು ಕವಲು: ಅಡುಗೆ ಒಲೆಗೊಂದು, ಬಚ್ಚಲಿನ ಗೀಸರಿಗೊಂದು, ಜನರೇಟರಿಗೊಂದು. ರಿಟೈರಾದ ಮೇಲೆ ನಾವು ಬಂದು ನೆಲೆಸಿದ ಈ ಮೂಡಿಗೆರೆಯಲ್ಲಿ ಯಾರಾದರೂ ಜೋರಾಗಿ ಸೀನಿದರೂ ಕರೆಂಟು ಹೋಗುತ್ತದೆ. ನಮ್ಮ ಹಳೆಯ ಸೀಮೆಎಣ್ಣೆ ಜನರೇಟರಿನ ಹಗ್ಗ ಎಳೆದೂ ಎಳೆದೂ ನನ್ನ ಬಲಭುಜ ಎಡಭುಜಕ್ಕಿಂತ ಎರಡಿಂಚು ಕೆಳಗಿಳಿದಿದೆ. ಇನ್ನು ಸೌದೆಯಿಲ್ಲ, ಹೊಗೆಯಿಲ್ಲ, ಹಗ್ಗವಿಲ್ಲ. ಸರ್ವಂ ಅನಿಲಮಯಂ!

ಇಷ್ಟು ಸೀತೆಗೆ ಹೇಳಿದ್ದು. ಹೇಳದೆ ಉಳಿದದ್ದೊಂದಿದೆ, ಅದು ಬೆಲ್ಲದ ಕಾಫಿ.

ಮೂರು ವರ್ಷದ ಹಿಂದೆ ನನ್ನ ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಬೆಲ್ಲ ಬಿಡಿ ಅಂದರು. ಅವರು ಹೇಳಿ ಮರೆತರು, ಸೀತೆ ಮರೆಯಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಸಪ್ಪೆ ಕಾಫಿ. ಕಾಫಿ ಬೆಳೆಯುವ ಊರಿನಲ್ಲಿದ್ದುಕೊಂಡು ಸಪ್ಪೆ ಕಾಫಿ ಕುಡಿಯುವುದು ಎಂಥ ಶಿಕ್ಷೆ ಅನ್ನುವುದು ಕುಡಿದವರಿಗೇ ಗೊತ್ತು.

ಅದೂ ಸೀತೆ ಲೈನಿನಲ್ಲಿ ಮಾಡುತ್ತಿದ್ದ ಬೆಲ್ಲದ ಕಾಫಿ ಕುಡಿದ ನಾಲಿಗೆ ಇದು. ಲೈನ್ ಮನೆಗಳ ನಡುವಿನ ಗೋಡೆ ಮಾಡಿನವರೆಗೆ ಇರಲಿಲ್ಲ, ಆಳೆತ್ತರಕ್ಕೆ ಮುಗಿದುಹೋಗಿತ್ತು. ಹೊಸ ಮದುವೆಯ ನಾವು ಪಿಸುಗುಟ್ಟಿದರೆ ಆಚೆಯ ಭೂತಯ್ಯ ಮೇಸ್ತ್ರಿ ಕೆಮ್ಮುತ್ತಿದ್ದ. ಇಲ್ಲಿ ಬೆಲ್ಲದ ನೀರು ಕುದಿದು ಪುಡಿ ಬಿದ್ದರೆ ವಾಸನೆ ಗೋಡೆ ಹಾರಿ ಹೋಗುತ್ತಿತ್ತು. ತಕ್ಷಣ ಆಚೆಯಿಂದ ಮೇಸ್ತ್ರಿಯ ಹೆಂಡತಿ ಸೌಟಿನಲ್ಲಿ ಗೋಡೆಗೆ ಎರಡು ಸಲ ಬಡಿಯುತ್ತಿದ್ದಳು, ಟಕ್ ಟಕ್. ಹಾಗೆ ಬಡಿದರೆ 'ನಮಗೂ ಒಂದು ಲೋಟ' ಎಂದರ್ಥ. ಸೀತೆ ಮಣೆಯ ಮೇಲೆ ಹತ್ತಿ ಗೋಡೆಯ ಮೇಲಿಂದ ಲೋಟ ದಾಟಿಸುತ್ತಿದ್ದಳು. ಮಾರನೇ ದಿನ ಆಚೆಯಿಂದ ಒಣಮೀನಿನ ವಾಸನೆ ಬರುತ್ತಿತ್ತು. ನಾವು ಅದಕ್ಕೆ ಬಡಿಯುತ್ತಿರಲಿಲ್ಲ, ಅಷ್ಟೆ. ಆ ಒಂದೇ ಕೋಣೆಯಲ್ಲಿ ನಾನು ಎಷ್ಟು ಸುಖವಾಗಿದ್ದೆ ಅನ್ನುವುದು ಕ್ವಾರ್ಟರ್ಸಿನ ಮೂರು ಕೋಣೆ ಸಿಕ್ಕಿದ ಮೇಲೆ ತಿಳಿಯಿತು.

ಲೈನ್ ಹಾಕಲು ತಯ್ಯಬ್ ಸಾಬರು ಬಂದರು. ಎಸ್ಟೇಟಿನ ಜನರೇಟರ್ ಕಾಲದಿಂದಲೂ ನನ್ನ ಸ್ನೇಹಿತರು. ಅವರಿಗೆ ಬಾರದ ವಿದ್ಯೆ ಒಂದೇ, ಸುಳ್ಳು ಹೇಳುವುದು. ಪೈಪು ಜೋಡಿಸಿ, ಜಾಯಿಂಟಿಗೆಲ್ಲ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೋ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾಗ ನಾನು ಮೆಲ್ಲಗೆ ಹತ್ತಿರ ಸರಿದೆ.

"ಸಾಬ್ರೇ, ಹಿಂದಿನ ಸೌದೆ ಕೊಟ್ಟಿಗೆ ಹೇಗೂ ಖಾಲಿ ಆಯ್ತು. ಅಲ್ಲಿಗೊಂದು ಪಾಯಿಂಟ್ ಕೊಡಿ."

"ಅಲ್ಲಿಗೆ ಎಂತಕ್ಕೆ ರೈಟ್ರೇ?"

"ಬಿಸಿನೀರಿಗೆ" ಅಂದೆ. ಬೆಲ್ಲದ ಕಾಫಿಯಲ್ಲೂ ಬಿಸಿನೀರು ಇರುತ್ತದೆ, ಆದ್ದರಿಂದ ಇದು ಪೂರ್ತಿ ಸುಳ್ಳಲ್ಲ.

ಸಾಬರು ಪೈಪನ್ನು ಬೆರಳಲ್ಲಿ ಅಳೆದರು. "ಇದು ಮೂರಕ್ಕೆ ಅಂತ ತಂದ ಪೈಪು. ನಾಲ್ಕಕ್ಕೆ ಸಣ್ಣ ಆಗ್ತದೆ. ಕೊಟ್ಟಿಗೆ ಸಿಲಿಂಡರಿಗೆ ಹತ್ರ, ಅಡುಗೆಮನೆ ಕೊನೆಗೆ. ನೀವು ಇಲ್ಲಿ ಉರಿಸಿದ್ರೆ ಅಲ್ಲಿ ಉರಿ ಕುಗ್ತದೆ, ನೋಡಿ."

"ಕುಗ್ಗಿದ್ರೆ ಕುಗ್ಲಿ ಮಾರಾಯ್ರೇ. ಸೀತಮ್ಮಂಗೆ ಮಾತ್ರ ಹೇಳ್ಬೇಡಿ."

"ನಾನಾಗಿ ಹೇಳೂದಿಲ್ಲ" ಅಂದರು ಸಾಬರು. ಆ 'ನಾನಾಗಿ' ಎಂಬ ಪದವನ್ನು ನಾನು ಆಗಲೇ ಗಮನಿಸಬೇಕಿತ್ತು. ಯಾವುದೋ ಹೋಟೆಲಿನವರು ಬಿಟ್ಟ ಒಂಟಿ ಒಲೆಯೊಂದನ್ನು ಅವರೇ ತಂದುಕೊಟ್ಟರು. ಅದು ಉರಿದರೆ ಒಂದು ಮದುವೆಗೆ ಸಾರು ಮಾಡಬಹುದಿತ್ತು.

ಅಂದಿನಿಂದ ನನ್ನ ಸ್ವರ್ಣಯುಗ ಶುರುವಾಯಿತು. ಬೆಳಿಗ್ಗೆ ಹನ್ನೊಂದಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ "ಜನರೇಟರ್ ನೋಡ್ಕೊಂಡು ಬರ್ತೀನಿ" ಎಂದು ಹೊರಡುತ್ತಿದ್ದೆ. ಕೊಟ್ಟಿಗೆಯಲ್ಲಿ ಒಂದು ಡಬ್ಬ ಬೆಲ್ಲ, ಒಂದು ಡಬ್ಬ ಪುಡಿ. ಒಬ್ಬನೇ ಕೂತು, ಕಣ್ಣು ಮುಚ್ಚಿ ಕುಡಿದರೆ ನನಗೆ ಇಪ್ಪತ್ತೇಳು ವರ್ಷ. ಒಂದೇ ಕೊರತೆ ಅಂದರೆ, ಯಾಕೋ ಆ ಲೈನಿನ ರುಚಿ ಬರುತ್ತಿರಲಿಲ್ಲ. ಬೆಲ್ಲದ ತಪ್ಪಿರಬೇಕೆಂದು ಬೆಲ್ಲವನ್ನು ಹೆಚ್ಚಿಸಿದೆ.

"ಅಲ್ಲ ಇವ್ರೇ, ಒಲೆ ಯಾಕೆ ಆಗಾಗ ಕುಗ್ತದೆ?" ಎಂದು ಸೀತೆ ಒಂದು ದಿನ ಕೇಳಿದಳು.

"ಜನರೇಟರ್ ಓಡಿದ್ರೆ ಕುಗ್ತದೆ."

"ಜನರೇಟರ್ ಓಡಿದ್ರೆ ಊರಿಗೆಲ್ಲ ಕೇಳ್ತದೆ. ಸದ್ದೇ ಇರ್ಲಿಲ್ಲ."

"ಯಾರಾದ್ರೂ ಸ್ನಾನಕ್ಕೆ ಹೋಗಿದ್ರೆ..."

"ಮನೇಲಿರೋದು ಇಬ್ರು. ನಾನು ಒಲೆ ಮುಂದೆ ಇದ್ದೆ. ನೀವು ಸಂಜೆ ನಾಲ್ಕಕ್ಕೆ ಸ್ನಾನ ಮಾಡಿದ್ದು ಈ ಜನ್ಮದಲ್ಲಿ ಕಂಡಿಲ್ಲ."

ನಾನು ಬಂಗಾಳಕೊಲ್ಲಿಯ ವಾಯುಭಾರ ಕುಸಿತಕ್ಕೂ ಅಡುಗೆ ಒಲೆಗೂ ಇರುವ ನಂಟನ್ನು ವಿವರಿಸಿದೆ. ಅವಳು ಶ್ರದ್ಧೆಯಿಂದ ಕೇಳಿದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಹೆಂಡತಿ ಶ್ರದ್ಧೆಯಿಂದ ಕೇಳಿದರೆ ಅನುಮಾನಪಡಬೇಕು. ನಾನು ಪಡಲಿಲ್ಲ.

ಮೊನ್ನೆ ನಾಲ್ಕು ಗಂಟೆ. ಕೊಟ್ಟಿಗೆಯಲ್ಲಿ ಬೆಲ್ಲದ ನೀರು ಕುದಿಯುತ್ತಿತ್ತು. ಪುಡಿ ಹಾಕಿ ಮುಚ್ಚಳ ಮುಚ್ಚಿದೆ. ಆಗ ಗೋಡೆಯ ಮೇಲಿನ ತಾಮ್ರದ ಪೈಪು ಮಾತಾಡಿತು.

ಠಣ್ ಠಣ್.

ಎರಡು ಸಲ. ಸೌಟಿನಲ್ಲಿ. (ಗ್ಯಾಸ್ ಪೈಪಿಗೆ ಹೀಗೆ ಬಡಿದದ್ದು ಕೇಳಿದರೆ ಸಾಬರು ಮೂರ್ಛೆ ಹೋಗುತ್ತಿದ್ದರು.) ಭಯವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಭಯಕ್ಕೂ ಮೊದಲು ನನ್ನ ಕಣ್ಣಲ್ಲಿ ನೀರು ಬಂತು. ಎಷ್ಟು ವರ್ಷವಾಗಿತ್ತು ಆ ಸದ್ದು ಕೇಳಿ! ಲೈನಿನ ನಿಯಮ ನಿಯಮವೇ. ಎರಡು ಲೋಟಕ್ಕೆ ಬಗ್ಗಿಸಿಕೊಂಡು ಅಡುಗೆಮನೆಗೆ ನಡೆದೆ.

ಸೀತೆ ಒಲೆಯ ಪಕ್ಕ ಕೂತಿದ್ದಳು. ತೊಡೆಯ ಮೇಲೆ ಗೋಡೆಯ ಕ್ಯಾಲೆಂಡರು. ಪ್ರತಿ ತಾರೀಖಿನ ಕೆಳಗೂ ಎರಡೆರಡು ಗೆರೆ.

"ಇಪ್ಪತ್ತಾರು ದಿನ. ಒಂದು ದಿನಾನೂ ಆಬ್ಸೆಂಟ್ ಇಲ್ಲ" ಅಂದಳು. "ಸಾಬ್ರಿಗೆ ಫೋನ್ ಮಾಡಿ ಕೇಳ್ದೆ. ಪಾಪ, ಮೂರು ಸಲ ಕೆಮ್ಮಿ, ಆಮೇಲೆ ಕೊಟ್ಟಿಗೆ ಅಂದ್ರು."

"ಸೀತಾ, ಅದು ಏನಾಯ್ತು ಅಂದ್ರೆ..."

"ಲೈನಲ್ಲಿ ಗೋಡೆ ಆಚೆಯವ್ರಿಗೂ ಕೊಟ್ಟು ಕುಡ್ದವ್ರು ನಾವು. ಈಗ ಒಂದೇ ಮನೇಲಿದ್ದು ಒಬ್ರೇ ಕುಡಿದ್ರಲ್ಲ! ನೀವು ಬೆಲ್ಲ ಬಿಟ್ರಿ ಅಂತ ಮೂರು ವರ್ಷದಿಂದ ನಾನೂ ಸಪ್ಪೆ ಕಾಫಿ ಕುಡೀತಿದೀನಿ. ನಂಗೇನು ಶುಗರ್ ಇದ್ಯಾ?"

ಹೌದಲ್ಲ, ಅವಳಿಗೆ ಶುಗರ್ ಇಲ್ಲ! ಮೂರು ವರ್ಷ ಅವಳ ಲೋಟದಲ್ಲಿ ಏನಿದೆ ಎಂದು ನಾನು ನೋಡಿಯೇ ಇರಲಿಲ್ಲ. ನಾಚಿಕೆಯಿಂದ ಒಂದು ಲೋಟ ಅವಳ ಕೈಗಿತ್ತು ಇನ್ನೊಂದನ್ನು ತುಟಿಗೆ ತಂದೆ. ಅವಳು ಅದನ್ನೂ ಕಿತ್ತುಕೊಂಡಳು.

"ಇದೂ ನಂದೇ. ನಿಮ್ದು ಸಪ್ಪೆ, ಅಲ್ಲಿ ಫ್ಲಾಸ್ಕಲ್ಲಿದೆ."

ಈಗ ದಿನವೂ ಹನ್ನೊಂದಕ್ಕೆ ಮತ್ತು ನಾಲ್ಕಕ್ಕೆ ಪೈಪು ಠಣ್ ಠಣ್ ಎನ್ನುತ್ತದೆ. ನಾನು ಕೊಟ್ಟಿಗೆಗೆ ಓಡಿ ಅವಳಿಗೆ ಬೆಲ್ಲದ್ದು, ನನಗೆ ಸಪ್ಪೆಯದು ಮಾಡಿ ತರುತ್ತೇನೆ. ಅವಳು ತನ್ನ ಲೋಟದ ತಳದಲ್ಲಿ ಒಂದು ಗುಟುಕು ನನಗೆಂದು ಬಿಡುತ್ತಾಳೆ. ಆ ಒಂದು ಗುಟುಕಿಗೆ ಮಾತ್ರ, ದೇವರಾಣೆ, ಲೈನಿನ ರುಚಿಯಿದೆ.

"ಸಾಬ್ರಿಗೆ ಹೇಳಿ ದಪ್ಪ ಪೈಪ್ ಹಾಕಿಸ್ಲಾ? ನಿನ್ನ ಒಲೆ ಕುಗ್ಗೋದಿಲ್ಲ" ಎಂದು ನಿನ್ನೆ ಕೇಳಿದೆ.

"ಏನೂ ಬೇಡ. ಒಲೆ ಕುಗ್ಗಿದ್ರೇನೇ ನೀವು ಕೆಲಸಕ್ಕೆ ಬಂದಿದೀರಿ ಅಂತ ನಂಗೆ ಗೊತ್ತಾಗೋದು" ಎಂದು ಸೀತೆ ಕ್ಯಾಲೆಂಡರಿನಲ್ಲಿ ನನ್ನ ಹಾಜರಿ ಹಾಕಿದಳು.