ಬೂದಿಬಾಲನ ಕೊಲೆ ಮತ್ತು ನಮ್ಮತ್ತೆಯ ಹಲ್ಲು

ಒಂದು ಡ್ರ್ಯಾಗನ್ನನ್ನು ಕೊಂದ ತಪ್ಪಿಗೆ ಮನುಷ್ಯನಿಗೆ ಸ್ವಂತ ಮನೆಯಲ್ಲಿ ಒಂದು ಲೋಟ ಬಿಸಿ ಕಾಫಿಗೂ ಗತಿಯಿಲ್ಲದಂತಾಗುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ, ನಾನು ಆ ಪ್ರಾಣಿಯ ಬಾಲದ ತುದಿಯನ್ನೂ ಮುಟ್ಟುತ್ತಿರಲಿಲ್ಲ. ಯಾರೂ ಹೇಳಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ ಅನ್ನಿ, ಆ ಮಾತು ಬೇರೆ.

ನನ್ನ ಕಸುಬು ಹಲ್ಲು ಮಾಡುವುದು. ಕೀಳುವುದಲ್ಲ, ಮಾಡುವುದು. (ಕೀಳುವವರಿಗೆ ಕಾರಿದೆ, ಮಾಡುವವನಿಗೆ ಬೆನ್ನುನೋವಿದೆ.) ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಮನೆಯ ಮುಂದಿನ ಕೋಣೆಯಲ್ಲಿ ಮೇಣ, ಪ್ಲಾಸ್ಟರ್ ಪುಡಿ, ಅರಗಳ ನಡುವೆ ಕೂತು ಹಲ್ಲಿನ ಸೆಟ್ಟು ತಯಾರಿಸುತ್ತೇನೆ. ನನ್ನ ಮದುವೆಯಾದದ್ದೂ ಹಲ್ಲಿನಿಂದಲೇ. ನಾನು ಮಾಡಿದ ಸೆಟ್ಟು ಚುಚ್ಚುತ್ತದೆ ಎಂದು ಹೆಂಗಸೊಬ್ಬರು ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಡಾಕ್ಟರನ್ನೂ ದಾಟಿ, ನೇರವಾಗಿ ನನ್ನ ಬಾಗಿಲಿಗೆ ಜಗಳಕ್ಕೆ ಬಂದರು. ಹಲ್ಲಿಲ್ಲದ ಬಾಯಲ್ಲಿ ಅವರು ಬೈದದ್ದು ನನಗೆ ಒಂದಕ್ಷರವೂ ತಿಳಿಯಲಿಲ್ಲ. ಸುಮ್ಮನೆ ತಲೆಯಾಡಿಸುತ್ತ ಸರಿಮಾಡಿಕೊಟ್ಟೆ. "ಇಷ್ಟು ತಾಳ್ಮೆಯ ಗಂಡಸನ್ನು ನಾನು ನೋಡಿಲ್ಲ" ಎಂದು ಅವರು ಮನೆಗೆ ಹೋಗಿ ಮಗಳಿಗೆ ಹೇಳಿದರಂತೆ. ಹೀಗೆ ಅವರು ನನಗೆ ಅತ್ತೆಯಾದರು.

ಈ ಅತ್ತೆ ಈಗ ನಮ್ಮ ಜೊತೆಗೇ ಇದ್ದಾರೆ. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು. "ನಡೆದರೆ ನಡೀತಾರೆ, ಮಲಗಿದರೆ ಮಲಗೇ ಬಿಡ್ತಾರೆ" ಎಂದು ಡಾಕ್ಟರು ಹೇಳಿ ಕೈತೊಳೆದುಕೊಂಡರು. ಅತ್ತೆ ಎರಡನೆಯದನ್ನು ಆರಿಸಿಕೊಂಡರು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಕೈಮುಗಿದು ಬೇಡಿಕೊಂಡರೂ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಅವರಿಗಿದ್ದ ಒಂದೇ ಸುಖ ಟೀವಿಯಲ್ಲಿ ಬರುತ್ತಿದ್ದ ಮಾಯಾಲೋಕದ ಧಾರಾವಾಹಿ. ಅದನ್ನೂ ಚಾನೆಲ್ಲಿನವರು ಅರ್ಧಕ್ಕೇ ನಿಲ್ಲಿಸಿಬಿಟ್ಟರು.

ಆ ಧಾರಾವಾಹಿಯಲ್ಲಿ ಬೂದಿಬಾಲ ಎಂಬ ಮುದಿ ಡ್ರ್ಯಾಗನ್ ಇತ್ತು. ಅದಕ್ಕೆ ಹೇಳಿಕೊಳ್ಳುವಂಥ ಕೆಲಸವೇ ಇರಲಿಲ್ಲ. ಕೋಟೆಯ ಹಿಂದೆ ಬಿದ್ದುಕೊಂಡು ಆಗಾಗ ಕೆಮ್ಮುತ್ತಿತ್ತು. ರಾಜಕುಮಾರಿ, ಮಾಂತ್ರಿಕ, ಸೇನಾಪತಿ ಎಲ್ಲರನ್ನೂ ಬಿಟ್ಟು ಅತ್ತೆಗೆ ಅದರ ಮೇಲೇ ಪ್ರಾಣ. "ಪಾಪ, ನನ್ನ ಹಾಗೇ. ಮೈಯೆಲ್ಲ ನೋವು, ಕೋಪ ಮಾತ್ರ ಹಾಗೇ ಇದೆ" ಎನ್ನುತ್ತಿದ್ದರು.

ಆಗ ನನ್ನ ತಲೆಯಲ್ಲೊಂದು ದಿವ್ಯ ಆಲೋಚನೆ ಮೊಳೆಯಿತು. ಮೊಬೈಲಿನಲ್ಲಿ ಕಥೆ ಓದುವ ಆ್ಯಪ್ ಒಂದಿದೆ. ಅಲ್ಲಿ ಫ್ಯಾನ್ ಫಿಕ್ಷನ್ ಎಂಬ ವಿಭಾಗ. ಅಂದರೆ ಬೇರೆಯವರ ಪಾತ್ರಗಳನ್ನು ಅಭಿಮಾನದಿಂದ ಎತ್ತಿಕೊಂಡು ಹೋಗಿ ಮುಂದಿನ ಕಥೆಯನ್ನು ನಾವೇ ಬರೆಯುವುದು. (ಮಕ್ಕಳನ್ನು ಎತ್ತಿಕೊಂಡು ಹೋದರೆ ಪೊಲೀಸರು ಬರುತ್ತಾರೆ, ಪಾತ್ರಗಳನ್ನು ಎತ್ತಿಕೊಂಡು ಹೋದರೆ ಓದುಗರು ಬರುತ್ತಾರೆ. ಪೊಲೀಸರೇ ವಾಸಿ ಎಂದು ಆಮೇಲೆ ತಿಳಿಯಿತು.) 'ಅಗ್ನಿಜಿಹ್ವ' ಎಂಬ ಕಾವ್ಯನಾಮ ಧರಿಸಿ ಕಥೆ ಮುಂದುವರಿಸಿದೆ. ಮನೆಯಲ್ಲಿ ಬಾಯಿ ಬಿಡಲಿಲ್ಲ. ನನ್ನ ಹೆಂಡತಿ ಶಾಲೆಯಲ್ಲಿ ಗಣಿತದ ಮೇಡಂ. ಹಿಂದೊಮ್ಮೆ ಮದುವೆಯ ದಿನದ ನೆನಪಿಗೆ ಅವಳ ಮೇಲೊಂದು ಕವನ ಬರೆದುಕೊಟ್ಟಿದ್ದೆ. ಕೆಂಪು ಶಾಯಿಯಲ್ಲಿ ತಿದ್ದಿ, ಕೆಳಗೆ 'ಪ್ರಯತ್ನ ಪರವಾಗಿಲ್ಲ' ಎಂದು ಬರೆದು ಹಿಂದಿರುಗಿಸಿದ್ದಳು.

"ಯಾರೋ ಆ ಧಾರಾವಾಹಿ ಮುಂದುವರಿಸಿದ್ದಾರಂತೆ ಕಣೇ" ಎಂದು ಗಾಳಿಗೆ ಬಿಟ್ಟಂತೆ ಹೇಳಿದೆ, ಅಷ್ಟೇ. ಭಾನುವಾರದಿಂದ ಹಾಲಿನಲ್ಲಿ ಕಥಾವಾಚನ ಶುರುವಾಯಿತು. ಹೆಂಡತಿ ಓದುವವಳು. ಕೆಳಮನೆಯ ಟೈಲರಮ್ಮ ಗುಂಡಿ ಹೊಲಿಯುವ ಬಟ್ಟೆ ತಂದುಕೊಂಡು ಕೇಳುವವರು. ಕೋಣೆಯಿಂದ ಅತ್ತೆ ಕೂಗಿದರು: "ಗಟ್ಟಿಯಾಗಿ ಓದೇ!" "ಬೇಕಾದ್ರೆ ಎದ್ದು ಬಾಮ್ಮಾ" ಎಂದಳು ಮಗಳು. ಅತ್ತೆ ವಾಕರ್ ಹಿಡಿದು, ನನ್ನನ್ನೂ ಡಾಕ್ಟರನ್ನೂ ಇಡೀ ಮೂಳೆ ಶಾಸ್ತ್ರವನ್ನೂ ಶಪಿಸುತ್ತ ಹಾಲಿಗೆ ಬಂದರು. ನಾನು ಕೋಣೆಯ ಬಾಗಿಲ ಸಂದಿನಿಂದ ನೋಡಿ ಕಣ್ಣೊರೆಸಿಕೊಂಡೆ. ಪ್ಲಾಸ್ಟರ್ ಪುಡಿ ಕಣ್ಣಿಗೆ ಹೋದದ್ದರಿಂದಲ್ಲ.

ಆಮೇಲೆ ನನ್ನ ಕಥೆಯಲ್ಲಿ ಬೂದಿಬಾಲನೇ ನಾಯಕ. ಮುರಿದ ರೆಕ್ಕೆ ಇಟ್ಟುಕೊಂಡು ಮತ್ತೆ ಹಾರಲು ಕಲಿಯುತ್ತಿತ್ತು. ಅದು ಬಂಡೆಯಿಂದ ಬಂಡೆಗೆ ಹಾರಿದರೆ ಅತ್ತೆ ಹಾಲಿನಿಂದ ಅಡುಗೆಮನೆಗೆ ನಡೆಯುತ್ತಿದ್ದರು. ಅದು ಗೋಪುರ ಏರಿದ ವಾರ ಅತ್ತೆ ಬಾಲ್ಕನಿಗೆ ಹೋಗಿ ಎದುರುಮನೆಯವರನ್ನು ವಿಚಾರಿಸಿಕೊಂಡು ಬಂದರು. ಓದುಗರೂ ಇರುವೆಗಳ ಹಾಗೆ ಮುತ್ತಿದರು. ಎಲ್ಲವೂ ಸುಸೂತ್ರ.

ಅಷ್ಟರಲ್ಲಿ 'ನಿಷ್ಠುರ ಓದುಗ' ಎಂಬ ಮಹಾಶಯನೊಬ್ಬ ಒಂದು ಸಾಲು ಬರೆದ: "ಈ ಕಥೆಗೆ ಇನ್ನೂ ಹಲ್ಲು ಹುಟ್ಟಿಲ್ಲ."

ಯೋಚಿಸಿ. ನನಗೆ! ಊರವರ ಬಾಯಿಗೆಲ್ಲ ಹಲ್ಲು ಕೂರಿಸುವ ನನಗೆ! ಹೊಗಳಿಕೆಗಳೆಲ್ಲ ಮರೆತುಹೋಗಿ ಈ ಒಂದು ಸಾಲು ಒಸಡಿನಲ್ಲಿ ಸಿಕ್ಕಿಕೊಂಡ ಕಡ್ಡಿಯ ಹಾಗೆ ದಿನವಿಡೀ ಚುಚ್ಚಿತು. ಕೊನೆಗೆ ಕೂತು ಒಂದು ಕರಾಳ ಅಧ್ಯಾಯ ಬರೆದೆ. ಬೂದಿಬಾಲ ಮೊದಲ ಸಲ ಮೋಡದೆತ್ತರಕ್ಕೆ ಹಾರಿದ ದಿನವೇ, ಅದು ಸಾಕಿ ಬೆಳೆಸಿದ ರಾಜಕುಮಾರಿಯೇ ವಿಷದ ಬಾಣ ಬಿಟ್ಟಳು. ಡ್ರ್ಯಾಗನ್ ಬಾಯಿ ತೆರೆದು ನೆಲಕ್ಕೆ ಬಿತ್ತು, ಸತ್ತಿತು. ಬರೆದು ಮುಗಿಸಿ ನಾನೇ ಒಂದು ಸಲ ನಡುಗಿದೆ. ಸಾಹಿತ್ಯ ಅಂದರೆ ಇದು ಎಂದುಕೊಂಡೆ.

ಭಾನುವಾರ ಹೆಂಡತಿ ಓದಿ ಮುಗಿಸಿದಾಗ ಟೈಲರಮ್ಮ ಅಂಗಿಯ ಗುಂಡಿಯನ್ನು ತಮ್ಮ ಸೆರಗಿಗೇ ಹೊಲಿದುಕೊಂಡಿದ್ದರು. ಅತ್ತೆ ನಿಧಾನವಾಗಿ ಹಲ್ಲಿನ ಸೆಟ್ಟು ತೆಗೆದು ಲೋಟದ ನೀರಿಗೆ ಹಾಕಿದರು.

"ಮುದಿಯಾದ್ರೆ ಸಾಯಿಸಿಬಿಡೋದೇನೇ?" ಎಂದರು. ಈ ಸಲ ಅವರ ಬೊಚ್ಚುಬಾಯಿಯ ಮಾತು ನನಗೆ ಪೂರ್ತಿ ತಿಳಿಯಿತು. ಮಗಳ ಹೆಗಲು ಹಿಡಿದು ಕೋಣೆಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಿದರು.

"ಎಂಥ ಕಟುಕ ಇರಬೇಕು ರೀ ಇವನು!" ಎಂದು ಹೆಂಡತಿ ನನ್ನ ಮೇಲೆ ಹಾರಿದಳು. "ಮನೇಲಿ ಹೆಂಡತಿ ಹೊಟ್ಟೆಗೆ ಸರಿಯಾಗಿ ಹಾಕಲ್ಲ ಅನ್ಸುತ್ತೆ."

"ಹಾಕ್ತಾಳೆ, ಹಾಕ್ತಾಳೆ" ಎಂದೆ.

"ನಿಮಗೇನು ಗೊತ್ತು?"

"ಅಲ್ಲ... ಸಾಮಾನ್ಯವಾಗಿ ಹಾಕ್ತಾರೆ, ಅಂದೆ."

"ಅವನ ಪರ ಯಾಕೆ ವಹಿಸ್ತೀರಿ? ಇವತ್ತು ಕಾಫಿ ನೀವೇ ಮಾಡ್ಕೊಳ್ಳಿ."

ಆ್ಯಪಿನಲ್ಲಂತೂ ಹಾಹಾಕಾರ. 'ರಾಜಕುಮಾರಿ ಹಾಗೆ ಮಾಡೋಳಲ್ಲ', 'ಲೇಖಕರೇ, ನಿಮಗೆ ತಾಯಿ ಇಲ್ಲವೇ?', 'ನನ್ನ ಮಗಳು ಊಟ ಬಿಟ್ಟಿದ್ದಾಳೆ'. ನಿಷ್ಠುರ ಓದುಗನೂ ಬಂದಿದ್ದ: "ಹಲ್ಲು ಕೇಳಿದ್ದೆ, ಹೆಣ ಕೇಳಿರಲಿಲ್ಲ." (ಇವರನ್ನೆಲ್ಲ ಮೆಚ್ಚಿಸುವುದು ಬ್ರಹ್ಮನಿಗೂ ಸಾಧ್ಯವಿಲ್ಲ.) ಅಷ್ಟರಲ್ಲಿ ಅಡುಗೆಮನೆಯಲ್ಲಿ ಹೆಂಡತಿ ಮೊಬೈಲು ಕುಟ್ಟಿದಳು. ನನ್ನ ಜೇಬಿನಲ್ಲಿ 'ಟಿಂಗ್' ಎಂದಿತು. ಇನ್ನೊಮ್ಮೆ ಕುಟ್ಟಿದಳು. ಇನ್ನೊಮ್ಮೆ ಟಿಂಗ್.

"ಏನ್ರೀ ಅದು?"

"ಡಾಕ್ಟರದ್ದು. ಯಾವುದೋ ದವಡೆ ಅರ್ಜೆಂಟಂತೆ" ಎಂದವನೇ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ.

"ನಮ್ಮ ತಾಯಿ ಹಾಸಿಗೆಯಿಂದ ಏಳ್ತಿದ್ದದ್ದೇ ಆ ಪ್ರಾಣಿಗೋಸ್ಕರ. ದಯವಿಟ್ಟು ಬದುಕಿಸಿ" ಎಂದು ಬರೆದಿದ್ದಳು. ನನ್ನ ಹೆಂಡತಿ ನನಗೆ 'ದಯವಿಟ್ಟು' ಎಂದದ್ದು ಅದೇ ಮೊದಲು. ಆಗಲೇ ಕರಗಬೇಕಿತ್ತು. ಆದರೆ ಲೇಖಕನ ಅಹಂಕಾರ ನೋಡಿ, ಬಕೆಟ್ಟಿನ ಮೇಲೆ ಕೂತು ಉತ್ತರ ದಯಪಾಲಿಸಿದೆ: "ಪಾತ್ರಗಳ ಹಣೆಬರಹವನ್ನು ಕಥೆಯೇ ನಿರ್ಧರಿಸುತ್ತದೆ. ಲೇಖಕ ನಿಮಿತ್ತಮಾತ್ರ."

ಅಡುಗೆಮನೆಯಲ್ಲಿ ಒಂದು ಪಾತ್ರೆ ಬಿದ್ದ ಸದ್ದಾಯಿತು. ಬಿದ್ದದ್ದೋ ಎಸೆದದ್ದೋ ನಾನು ವಿಚಾರಿಸಲಿಲ್ಲ.

ಅತ್ತೆ ಮುಂದಿನ ಭಾನುವಾರವೂ ಹೊರಗೆ ಬರಲಿಲ್ಲ. ಹಲ್ಲು ಲೋಟದಲ್ಲೇ ಇತ್ತು. ವ್ಯಾಯಾಮದ ಹುಡುಗಿ ಹೋಗುವಾಗ ನನ್ನನ್ನು ಬಾಗಿಲ ಹತ್ತಿರ ಕರೆದು, "ಹೀಗೇ ಮಲಗಿದ್ರೆ ಕಾಲು ಬಿಗಿದುಹೋಗುತ್ತೆ ಸಾರ್, ಆಮೇಲೆ ನಮ್ಮ ಕೈಲೂ ಆಗಲ್ಲ" ಎಂದಳು. ನನ್ನನ್ನು ಬೈಯಲೆಂದೇ ಮೆಟ್ಟಿಲು ಹತ್ತಿ ಬಂದಿದ್ದ ಹೆಂಗಸು ಅವರು. ನನ್ನ ಒಂದು ಅಧ್ಯಾಯಕ್ಕಾಗಿ ಅವರು ಶಾಶ್ವತವಾಗಿ ಮಲಗುವುದಾದರೆ ಆ ಸಾಹಿತ್ಯಕ್ಕೆ ಬೆಂಕಿ ಬೀಳಲಿ. ಬೂದಿಬಾಲನನ್ನು ಬದುಕಿಸಲೇಬೇಕು ಎಂದು ಕೂತೆ.

ಕೊಲ್ಲುವುದು ಸುಲಭ, ಬದುಕಿಸುವುದು ಬಲು ಕಷ್ಟ. ಬರೆದು, ಅಳಿಸಿ, ತಿದ್ದಿ, ಕೊನೆಗೆ ಮಾಂತ್ರಿಕನ ಕೈಯಲ್ಲಿ ಅಮೃತದ ಬುಗ್ಗೆಯೊಂದನ್ನು ಚಿಮ್ಮಿಸಿದೆ. ಈ ನಡುವೆ ಮಧ್ಯಾಹ್ನದ ಹೊತ್ತು ಎಲ್ಲಿಂದಲೋ ಟಕ್, ಟಕ್ ಎಂದು ಸದ್ದು ಬರುತ್ತಿತ್ತು. ಟೈಲರಮ್ಮನ ಮಿಷನ್ ರಿಪೇರಿಗೆ ಬಂದಿದೆ ಅಂದುಕೊಂಡೆ.

ಅಧ್ಯಾಯ ಸಿದ್ಧವಾದದ್ದೇ ತಡ, ತಪ್ಪೊಪ್ಪಿಕೊಂಡು ನಾನೇ ಓದಿ ಹೇಳೋಣ ಎಂದು ಮೊಬೈಲು ಹಿಡಿದು ಅತ್ತೆಯ ಕೋಣೆಯ ಬಾಗಿಲು ತಳ್ಳಿದೆ. ಹೆಂಡತಿ ಮಂಚದ ಮೇಲೆ ಕೂತು ಏನೋ ಟೈಪು ಮಾಡುತ್ತಿದ್ದಾಳೆ. ಪಕ್ಕದಲ್ಲಿ ಬಾಯಿ ತೆರೆದುಕೊಂಡು ಟೈಲರಮ್ಮ. ಹಾಗಾದರೆ ಟಕ್ ಟಕ್ ಯಾರದ್ದು?

ಅತ್ತೆಯದು. ವಾಕರ್ ಕುಟ್ಟುತ್ತ ಕಿಟಕಿಯಿಂದ ಬೀರುವಿಗೆ, ಬೀರುವಿನಿಂದ ಕಿಟಕಿಗೆ ಓಡಾಡುತ್ತ ಹೇಳಿ ಬರೆಸುತ್ತಿದ್ದಾರೆ! "ಬರ್ಕೊಳೇ. ಬಾಣ ತಗುಲಿದ್ದು ಎದೆಗಲ್ಲ, ಹಲ್ಲಿನ ಸೆಟ್ಟಿಗೆ. ಬೂದಿಬಾಲ ಸತ್ತ ಹಾಗೆ ಮಲಗಿತ್ತು, ಅಷ್ಟೇ. ಒಂದು ಕಣ್ಣು ತೆರೆದು ನೋಡ್ತು..."

"ಅತ್ತೆ! ನೀವು ನಡೀತಿದೀರಿ!" ಎಂದು ಕಿರುಚಿದೆ.

"ಕೂತ್ರೆ ನನಗೆ ಕಥೆ ಹೊಳೆಯಲ್ಲ ಅಳಿಯಂದ್ರೇ. ಅಡ್ಡ ನಿಲ್ಲಬೇಡಿ."

ವಿಷಯ ಇಷ್ಟು. ಎರಡನೇ ಭಾನುವಾರ ಕಳೆದ ಮೇಲೆ ಮಗಳು ತೋರಿಸಿದ ನನ್ನ 'ನಿಮಿತ್ತಮಾತ್ರ' ಓದಿದ ಅತ್ತೆ, "ಅವನೊಬ್ಬನೇ ಏನು ನಿಮಿತ್ತ? ನಾನೂ ಆಗ್ತೀನಿ" ಎಂದು ಎದ್ದು ಕೂತರಂತೆ. 'ಬೊಚ್ಚುಬಾಯಿ' ಎಂಬ ಹೆಸರಿನಲ್ಲಿ, ನನ್ನ ಕಥೆಯ ಪಾತ್ರಗಳನ್ನು ಎತ್ತಿಕೊಂಡು ಹೋಗಿ ಬೇರೆ ಸಂಸಾರ ಹೂಡಿದ್ದರು. ನನ್ನ ಓದುಗರೆಲ್ಲ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೇ ಹೋಗಿದ್ದರು. ನಿಷ್ಠುರ ಓದುಗ ಬರೆದಿದ್ದ: "ಹಲ್ಲು ಅಂದರೆ ಇದು!"

ನಾನು ನನ್ನ ಮೊಬೈಲನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದೆ.

"ಬಚ್ಚಿಡಬೇಡಿ ಅಗ್ನಿಜಿಹ್ವ ಅವರೇ" ಎಂದಳು ಹೆಂಡತಿ. "ನಾನು ಕಳಿಸಿದ್ದಕ್ಕೆಲ್ಲ ನಿಮ್ಮ ಜೇಬಿನಲ್ಲಿ ಟಿಂಗ್ ಅಂತಿದ್ದದ್ದು ಯಾವ ದವಡೆ?"

"ಹೋಗ್ಲಿ ಬಿಡೇ. ನನಗೆ ಮೊದಲನೇ ಅಧ್ಯಾಯದಲ್ಲೇ ಗೊತ್ತಾಗಿತ್ತು" ಎಂದರು ಅತ್ತೆ. "ಬೇರೆಯವರ ಡ್ರ್ಯಾಗನ್ ಬಾಯಿ ತೆರೆದ್ರೆ ಬೆಂಕಿ ಬರುತ್ತೆ. ಇವರದ್ದು ಬಾಯಿ ತೆರೆದ್ರೆ ಮೊದಲು ಒಸಡು ಬರುತ್ತೆ. ಮೇಲಿನ ಎಡದವಡೆ ಸವೆದಿತ್ತು, ಕೆಳಗಿನ ಕೋರೆ ಅಲ್ಲಾಡ್ತಿತ್ತು ಅಂತ ಒಂದು ಪುಟ! ಅಷ್ಟೂ ನನ್ನ ಹಳೇ ಸೆಟ್ಟಿನ ವರ್ಣನೆ."

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

ಅತ್ತೆ ವಾಕರ್ ಮೇಲೆ ಕೈಯೂರಿ ನಿಂತರು. "ಹೇಳಿದ್ರೆ ನಾಚಿಕೊಂಡು ನಿಲ್ಲಿಸಿಬಿಡ್ತಿದ್ರಿ. ನನಗೋಸ್ಕರ ಒಬ್ಬರು ಬರೀತಿದಾರೆ ಅಂತ ನಾನು ನಡೀತಿದ್ದೆ. ಅದಕ್ಕೇ ಅಲ್ವೇ ಅಷ್ಟು ಸಿಟ್ಟು ಬಂದದ್ದು."

ನಾನು ಅಮೃತದ ಬುಗ್ಗೆಯ ಅಧ್ಯಾಯವನ್ನು ಕಾಣಿಕೆಯ ಹಾಗೆ ಮುಂದೆ ಚಾಚಿದೆ. ಹೆಂಡತಿ ತೆಗೆದುಕೊಂಡು ಓದಿದಳು. "ಪ್ರಯತ್ನ ಪರವಾಗಿಲ್ಲ" ಎಂದು ಹಿಂದಿರುಗಿಸಿದಳು.

ಈಗ ಮನೆಯಲ್ಲಿ ಕಾಫಿ ಮತ್ತೆ ಸಿಗುತ್ತಿದೆ. ಆದರೆ ಹೊಸ ಸಂಕಟವೊಂದು ಹುಟ್ಟಿದೆ. ಬೊಚ್ಚುಬಾಯಿಯವರ ಕಥೆಯಲ್ಲಿ ರಾಜಕುಮಾರಿ ನಿರಪರಾಧಿ. ಅವಳ ಕೈಗೆ ವಿಷದ ಬಾಣ ಕೊಟ್ಟು ದಾರಿ ತಪ್ಪಿಸಿದವನು ಅರಮನೆಯ ಹಲ್ಲು ಮಾಡುವವನು. ಬೆನ್ನುನೋವಿನವನು. ಬಚ್ಚಲಲ್ಲಿ ಕೂತು ಸಂಚು ಹೂಡುವವನು. ಮುಂದಿನ ಅಧ್ಯಾಯದಲ್ಲಿ ಬೂದಿಬಾಲ ಅವನ ಲೆಕ್ಕ ಚುಕ್ತಾ ಮಾಡುತ್ತದೆ ಎಂಬ ಸೂಚನೆ ಬಂದಿದೆ. ಓದುಗರು ಹಬ್ಬ ಮಾಡುತ್ತಿದ್ದಾರೆ. ನಾನು ಮಾನ ಬಿಟ್ಟು ಒಂದು ಕಾಮೆಂಟು ಹಾಕಿದೆ: "ಬೊಚ್ಚುಬಾಯಿಯವರೇ, ಹಲ್ಲಿನವನು ಮೂಲತಃ ಒಳ್ಳೆಯವನು. ಯಾರದೋ ಮಾತು ಕೇಳಿ ಕೆಟ್ಟ. ದಯವಿಟ್ಟು ಬದುಕಿಸಿ."

ಒಳಗಿನ ಕೋಣೆಯಲ್ಲಿ ಟಿಂಗ್ ಎಂದಿತು. ನಗು ಕೇಳಿಸಿತು. ಉತ್ತರ ಬಂತು: "ಪಾತ್ರಗಳ ಹಣೆಬರಹವನ್ನು ಕಥೆಯೇ ನಿರ್ಧರಿಸುತ್ತದೆ. ಲೇಖಕಿ ನಿಮಿತ್ತಮಾತ್ರ."

ಸ್ವಲ್ಪ ಹೊತ್ತಿಗೆ ಅತ್ತೆಯೇ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಹಲ್ಲಿನ ಲೋಟ, ಇನ್ನೊಂದು ಕೈ ಚೌಕಟ್ಟಿನ ಮೇಲೆ.

"ಅತ್ತೆ, ವಾಕರ್ ಎಲ್ಲಿ?"

ಅವರು ತಮ್ಮ ಕೈಗಳನ್ನು ನೋಡಿಕೊಂಡರು, ಆಮೇಲೆ ಕಾಲುಗಳನ್ನು. "ಅಯ್ಯೋ, ಕಥೆಯ ಯೋಚನೇಲಿ ಮರೆತೇಬಿಟ್ಟೆ" ಎಂದರು. ನನಗೆ ಕುಣಿಯಬೇಕೆನಿಸಿತು. ಎದ್ದು ಕುರ್ಚಿ ಕೊಟ್ಟೆ. ಅವರು ಕೂರಲಿಲ್ಲ, ಲೋಟವನ್ನು ನನ್ನ ಮುಂದಿಟ್ಟರು.

"ಇಷ್ಟು ದಿನ ತೆಗೆದಿಟ್ಟು ಎಡಗಡೆ ಚುಚ್ಚುತ್ತಿದೆ. ಚೆನ್ನಾಗಿ ಉಜ್ಜಿಕೊಡಿ ಅಳಿಯಂದ್ರೇ. ಭಾನುವಾರ ಹಾಲಿನಲ್ಲಿ ಓದೋದು ನಾನೇ. 'ಹಲ್ಲಿನವನನ್ನು ಕರಕರನೆ ಅಗಿದು ನುಂಗಿತು' ಅಂತ ಇದೆ, ಆ 'ಕರಕರ' ಸ್ಪಷ್ಟವಾಗಿ ಬರಬೇಕು."

ನಾನು ಅರ ಕೈಗೆತ್ತಿಕೊಂಡೆ. ಅಷ್ಟು ಮನಸ್ಸಿಟ್ಟು ನಾನು ಯಾವ ಸೆಟ್ಟನ್ನೂ ಉಜ್ಜಿದ್ದಿಲ್ಲ.