ಏಳನೆಯ ಕಲಮು ಮತ್ತು ಮಾವನ ಹೆಗಲು

ನೀವು ದಪ್ಪಗಿದ್ದರೆ ಅದರಿಂದ ನಿಮಗೆ ತೊಂದರೆ ಆಗದಿರಬಹುದು, ನಮ್ಮ ಸೋದರಮಾವನಿಗೆ ಮಾತ್ರ ಖಂಡಿತ ಆಗುತ್ತಿತ್ತು. ಬೈಲಹೊಂಗಲದ ಪೇಟೆಯಲ್ಲಿ ಯಾರಾದರೂ ಹೊಟ್ಟೆ ಮುಂದೆ ಮಾಡಿಕೊಂಡು ಬಂದರೆ ಸಾಕು, ಇವನ ಮುಖ ಸಣ್ಣದಾಗುತ್ತಿತ್ತು. ಹೊಟ್ಟೆಕಿಚ್ಚಲ್ಲ ಮಹಾರಾಯರೇ! ಆ ಮನುಷ್ಯನನ್ನು ಮುಂದೊಂದು ದಿನ ಹೊರಬೇಕಾದವನು ತಾನೇ ಎಂಬ ಚಿಂತೆ.

ಮಾವ ಮಾರುಕಟ್ಟೆಯಲ್ಲಿ ತೋಲಾರನಾಗಿದ್ದ. ಅಂದರೆ ರೈತರು ತಂದ ಹತ್ತಿ, ಶೇಂಗಾ ಚೀಲಗಳನ್ನು ತೂಗಿ ಹೇಳುವವನು. ನಲವತ್ತು ವರ್ಷ ತೂಗಿ ತೂಗಿ, ತಕ್ಕಡಿಯೇ ಬೇಡವೆನ್ನುವಷ್ಟು ಅವನ ಕಣ್ಣು ಪಳಗಿತ್ತು. ಇದರ ಜೊತೆಗೆ ಹತ್ತು ಜನ ಹಮಾಲರನ್ನೂ ಒಬ್ಬ ಲಾರಿ ಡ್ರೈವರನನ್ನೂ ಕೂಡಿಸಿಕೊಂಡು ಒಂದು ಬಳಗ ಕಟ್ಟಿದ್ದ. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ, ಹೊರಲು ಜನ ಸಾಲದಿದ್ದರೆ ಇವರು ಹೋಗಿ ಹೆಗಲು ಕೊಡಬೇಕು. ಲಿಂಗಾಯತರ ಶವದ ವಿಮಾನಕ್ಕೂ ಅದೇ ಹೆಗಲು, ಮುಸಲ್ಮಾನರ ಜನಾಜಾಕ್ಕೂ ಅದೇ ಹೆಗಲು. ಪುಣ್ಯದ ಕೆಲಸ, ಒಪ್ಪಿದೆ. ಆದರೆ ಅದಕ್ಕಾಗಿ ಬದುಕಿದ್ದವರನ್ನೂ ಗಿರಾಕಿಗಳ ಹಾಗೆ ನೋಡುವುದುಂಟೇ?

ನನಗೆ ಹೆಣ್ಣು ನೋಡಲು ಮುರಗೋಡಕ್ಕೆ ಹೋದಾಗ ಇವನೂ ಬಂದಿದ್ದ. ಉಪ್ಪಿಟ್ಟು ಬಂತು, ಹಿಂದೆಯೇ ಹುಡುಗಿ ಬಂದಳು. ಮಾವ ಹುಡುಗಿಯನ್ನು ನೋಡಲೇ ಇಲ್ಲ. ಅವಳ ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಆಮೇಲೆ ಮಾಳಿಗೆಯ ಮೆಟ್ಟಿಲುಗಳನ್ನು ನೋಡಿದ.

“ನೀವು ಮಲಗೂದು ಮ್ಯಾಲೇನ್ರಿ?”

“ಹೌದ್ರಿ, ಗಾಳಿ ಛಲೋ ಬರತೈತಿ,” ಎಂದರು ಅವರು.

“ಗಾಳಿ ಖರೆ. ಪಾವಟಿಗಿ ಭಾಳ ಇಕ್ಕಟ್ಟ ಅದಾವ. ನಿಮ್ಮನ್ನ ಇಳಸೂದು ಹೆಂಗಂತ ವಿಚಾರ ಮಾಡಾಕ ಹತ್ತೇನಿ.”

ಆ ಸಂಬಂಧ ಕೂಡಿಬರಲಿಲ್ಲ. ಆ ಯಜಮಾನರು ಇಂದಿಗೂ ಗುಂಡುಕಲ್ಲಿನ ಹಾಗಿದ್ದಾರೆ. ಮೆಟ್ಟಿಲುಗಳನ್ನು ಮಾತ್ರ ಅಗಲ ಮಾಡಿಸಿದ್ದಾರಂತೆ. ಇನ್ನು ಕಾಯಿಲೆ ಬಿದ್ದವರನ್ನು ಮಾತಾಡಿಸಲು ಮಾವ ಹೋದನೆಂದರೆ, ಅರ್ಧ ಜನ ಅಂದೇ ಎದ್ದು ಓಡಾಡತೊಡಗುತ್ತಿದ್ದರು. ಡಾಕ್ಟರಿಗಿಂತ ತನ್ನ ಅಣ್ಣನೇ ವಾಸಿ ಎಂದು ನಮ್ಮವ್ವ ಹೆಮ್ಮೆಪಡುತ್ತಿದ್ದಳು.

ಬಳಗದ ಸಭೆ ನಡೆಯುತ್ತಿದ್ದದ್ದು ಮಾರುಕಟ್ಟೆಯ ಪಕ್ಕದ ಚಹಾದಂಗಡಿಯಲ್ಲಿ, ಮಧ್ಯಾಹ್ನದ ಹರಾಜಿನ ಸವಾಲು ಮುಗಿದ ಮೇಲೆ. ಕೈ ಎತ್ತುವುದು, ಚೀಟಿ ಬರೆಯುವುದು ಇವರಲ್ಲಿ ಇರಲಿಲ್ಲ. ಎಲ್ಲರ ಮುಂದೆ ಚಹಾ ಬರುತ್ತಿತ್ತು. ಮಾತಿಗೆ ಒಪ್ಪಿಗೆ ಇದ್ದವನು ಕುಡಿಯಬೇಕು, ಇಲ್ಲದವನು ಕಪ್ಪಿನ ಕೆಳಗಿನ ಬಶಿ ತೆಗೆದು ಮೇಲೆ ಮುಚ್ಚಬೇಕು. ಮುಚ್ಚುವುದು ಏಕೆಂದರೆ, ಮನಸ್ಸು ಬದಲಾಗುವಷ್ಟರಲ್ಲಿ ಚಹಾ ಆರಬಾರದು! ಬಿಸಿ ಚಹಾ ಎದುರಿಗಿಟ್ಟುಕೊಂಡು ಯಾವ ಹಮಾಲ ತಾನೇ ವಿರೋಧ ಮಾಡಿಯಾನು? ಹಾಗೆ ನೋಡಿದರೆ ಇಷ್ಟು ವರ್ಷಗಳಲ್ಲಿ ಬಿದ್ದುಹೋದ ಠರಾವು ಒಂದೇ. ಅಂದು ಅಂಗಡಿಯಲ್ಲಿ ಹಾಲು ಒಡೆದಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸವದತ್ತಿ, ರಾಮದುರ್ಗ, ನಮ್ಮ ತಾಲ್ಲೂಕು ಎಲ್ಲ ಕಡೆಯ ಸೇವಾ ಬಳಗಗಳನ್ನು ಸೇರಿಸಿ ಯಾರೋ ಓದಿದವರು ಒಂದು ಒಕ್ಕೂಟ ಮಾಡಿದರು. ಅದು ಒಂದು ‘ಸುಶಾಸನ ಸನ್ನದು’ ಬರೆದು, ಬೆಂಬಲ ಕೊಡುತ್ತೀರೋ ಇಲ್ಲವೋ ತಿಳಿಸಿ ಎಂದು ಎಲ್ಲ ಬಳಗಗಳಿಗೂ ಕಳಿಸಿತು. ಬೆಂಬಲಿಸಿದವರಿಗೆ ಒಂದು ಅಧಿಕೃತ ಪತ್ರ ಸಿಗುತ್ತಿತ್ತು. ಆ ಪತ್ರಕ್ಕೆ ಬೆಲೆ ಇತ್ತು. ದಿಕ್ಕಿಲ್ಲದವರು ಸತ್ತರೆ ಮಣ್ಣು ಮಾಡಲು ಈ ಬಳಗ ಸರಕಾರಿ ಆಸ್ಪತ್ರೆಗೆ ಹೋಗುತ್ತಿತ್ತು, ಆದರೆ ಅಲ್ಲಿಯವರು “ನೀವ್ಯಾರು?” ಎಂದು ಮೇಜಿನಿಂದ ಮೇಜಿಗೆ ಅಲೆದಾಡಿಸಿ ಸಂಜೆ ಮಾಡುತ್ತಿದ್ದರು. ಪತ್ರ ಇದ್ದರೆ ಶವವನ್ನು ಕೂಡಲೇ ಇವರ ಕೈಗೆ ಕೊಡುತ್ತಿದ್ದರು.

ಸನ್ನದಿನ ಕನ್ನಡ ಬಾಯಲ್ಲಿ ಹಾಕಿಕೊಂಡರೆ ಹಲ್ಲು ಮುರಿಯುವಂಥದು. ಹಾಗಾಗಿ ಸಾಲಿ ಮಾಸ್ತರನಾದ ನನ್ನನ್ನು ಓದಿ ಹೇಳಲು ಕರೆದರು. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ.

“ನಾಲ್ಕನೆಯ ಕಲಮು. ಸೇವೆ ಪಡೆದ ಫಲಾನುಭವಿಯಿಂದ ತೃಪ್ತಿಪತ್ರವನ್ನು ಬರಹದಲ್ಲಿ ಪಡೆಯತಕ್ಕದ್ದು.”

ಮಾವ ಚುಟ್ಟಾ ಕೆಳಗಿಟ್ಟ. “ಯಾಂವ ಬರದುಕೊಡಾಂವ?”

ಲಾರಿ ಡ್ರೈವರ್ ದಸ್ತಗೀರ ಬಳಗದಲ್ಲೆಲ್ಲ ಎತ್ತರದ ಆಳು, ಮಾತು ಕಡಿಮೆ. ಅವನು ನಿಧಾನಕ್ಕೆ ಹೇಳಿದ: “ಇಲ್ಲೀತನಕ ಒಬ್ಬರೂ ತಕರಾರು ಮಾಡಿಲ್ಲ ಅಂತ ಬರಕೋರಿ ಮಾಸ್ತರ.”

“ಐದನೆಯದು. ಬಳಗವು ಪ್ರತಿ ವರ್ಷದ ಆರಂಭದಲ್ಲಿ ತನ್ನ ಕಾರ್ಯದ ಗುರಿಯನ್ನು ನಿಗದಿಪಡಿಸತಕ್ಕದ್ದು.”

“ಗುರಿ ಮುಟ್ಟಲಿಲ್ಲಂದ್ರ?” ಎಂದು ಮಾವ ಕೇಳಿದ. ಎಲ್ಲರೂ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ಚಹಾದಂಗಡಿಯ ಸಾಹುಕಾರನ ಕಡೆ ನೋಡಿದರು. ಒಂದೂಕಾಲು ಕ್ವಿಂಟಲ್ ಆಳು ಅವನು. ಪಾಪ, ಎದ್ದು ಒಳಗೆ ಹೋದ.

ಆರನೆಯದನ್ನು ಓದಿದೆ. ಮುಂದಿನದರ ಮೇಲೆ ಕಣ್ಣು ಬಿದ್ದದ್ದೇ ತಡ, ಸರಕ್ಕನೆ ಅದನ್ನು ದಾಟಿ ಎಂಟನೆಯದಕ್ಕೆ ಹೋದೆ. ಚೀಲ ಎಣಿಸುವುದರಲ್ಲೇ ಜೀವಮಾನ ಕಳೆದ ತೋಲಾರನ ಮುಂದೆ ಎಣಿಕೆ ತಪ್ಪಿಸುವುದುಂಟೇ?

“ಆರಾದ ಮ್ಯಾಲೆ ಎಂಟ ಹೆಂಗ ಬಂತೋ ತಮ್ಮಾ?”

“ಅದೇನ ಅಷ್ಟ ಮಹತ್ವದ್ದಿಲ್ಲ ಮಾವ.”

“ಓದು.”

ಓದಿದೆ. ಅರವತ್ತು ವರ್ಷ ದಾಟಿದ ಸದಸ್ಯರು ಭಾರ ಹೊರುವ ಕೆಲಸದಲ್ಲಿ ತೊಡಗತಕ್ಕದ್ದಲ್ಲ.

ಮಾವನಿಗೆ ಆಗ ಅರವತ್ತಾರು. ಉಳಿದವರೆಲ್ಲ ಐವತ್ತರ ಈಚೆಯವರು. ಅವನ ತಂದೆ ತೀರಿಕೊಂಡದ್ದು ಶೇಂಗಾ ಸುಗ್ಗಿಯಲ್ಲಿ. ಊರಿಗೆ ಊರೇ ಹೊಲದಲ್ಲಿತ್ತು, ನಾಲ್ಕು ಹೆಗಲು ಸಿಗಲು ಮಧ್ಯಾಹ್ನವಾಯಿತಂತೆ. ಹದಿನೆಂಟರ ಮಾವ ಬಾಗಿಲು ಬಾಗಿಲಿಗೆ ಹೋಗಿ ಕೈಮುಗಿದನಂತೆ. ಇದನ್ನು ಅವನು ಯಾರಿಗೂ ಹೇಳಿದವನಲ್ಲ, ನಮ್ಮವ್ವ ಹೇಳಿದ್ದು. ಹೆಗಲು ಕೊಡುವುದು ಬಿಟ್ಟರೆ ಇವನಿಗೆ ಬೇರೆ ಏನು ಉಳಿದೀತು ಎಂದು ನನಗೆ ನಿಜವಾಗಿ ಸಂಕಟವಾಯಿತು.

ಚಹಾ ಬಂತು. ದಸ್ತಗೀರ ಎಲ್ಲರಿಗಿಂತ ಮೊದಲು ಬಶಿ ಎತ್ತಿ ಕಪ್ಪು ಮುಚ್ಚಿದ. ಅವನ ಹಿಂದೆ ಒಂದೊಂದಾಗಿ ಹತ್ತು ಬಶಿಗಳು ಟಣಟಣ ಸದ್ದು ಮಾಡಿದವು. ಮಾವನದೊಂದೇ ಕಪ್ಪು ತೆರೆದಿತ್ತು.

“ಬಶಿ ತಗೀರಿ, ಚಹಾ ಕುಡೀರಿ,” ಎಂದ ಮಾವ.

“ಈ ಕಾಗದ ನಮಗ ಬ್ಯಾಡ್ರಿ ಕಾಕಾ,” ಎಂದ ದಸ್ತಗೀರ.

“ನಾವು ಬ್ಯಾಡಂದ್ರ ದಿಕ್ಕಿಲ್ಲದವ್ರು ದವಾಖಾನ್ಯಾಗ ಬಿದ್ದಿರತಾರ. ಅವ್ರಿಗಿಂತ ನನ್ನ ಹೆಗಲ ದೊಡ್ಡದೇನು?” ಮಾವ ದನಿ ತಗ್ಗಿಸಿದ. “ಎರಡ ವರ್ಷ ಆತು, ನನ್ನ ಹೆಗಲಿಗೆ ಬೊಂಬು ಹತ್ತಿಲ್ಲ. ಹಿಂದ ನಿಂತು ನನ್ನ ಪಾಲಿನ ಭಾರಾನೂ ನೀ ಎತ್ತಿ ಹಿಡೀತಿ.”

ದಸ್ತಗೀರ ತಲೆ ತಗ್ಗಿಸಿದ. “ಯಾರ ಹೇಳಿದ್ರು ನಿಮಗ?”

“ನಲವತ್ತ ವರ್ಷ ತೂಕ ಹಾಕಿದಾಂವಗ ತೂಕ ತಿಳಿಯೂದಿಲ್ಲೇನೋ? ತಿಳಿದೂ ಸುಮ್ಮನಿದ್ದೆ. ಬಿಡಾಕ ಮನಸ್ಸ ಬರಲಿಲ್ಲ.”

ಮಾವ ಚಹಾವನ್ನು ಬಶಿಗೆ ಸುರಿದುಕೊಂಡು ಕುಡಿದ. ಒಬ್ಬೊಬ್ಬರಾಗಿ ಉಳಿದವರೂ ಬಶಿ ತೆಗೆದರು. ಸನ್ನದಿಗೆ ಬೆಂಬಲ ಸಿಕ್ಕಿತು.

ಮುಂದಿನ ವಾರ ನಮ್ಮ ಓಣಿಯ ಮುದುಕಿಯೊಬ್ಬಳು ತೀರಿಕೊಂಡಳು. ಬಳಗದವರು ಹೊತ್ತರು, ಮಾವ ಬರಿಗೈಲಿ ಮುಂದೆ ನಡೆದ. ಅಂದು ಸಂಜೆ ಅವನು ನನ್ನನ್ನೂ ಕರೆದುಕೊಂಡು ದಸ್ತಗೀರನ ಮನೆಗೆ ಹೋದ. ಕೈಯಲ್ಲಿ ಬಿಸಿ ಮಾಡಿದ ಎಣ್ಣೆಯ ಬಟ್ಟಲಿತ್ತು.

“ಅಂಗಿ ತಗಿ,” ಎಂದ.

“ಏ ಬ್ಯಾಡ್ರಿ ಕಾಕಾ, ನೀವು ಹಿರೇರು.”

“ಸುಮ್ನ ಗ್ವಾಡಿ ಕಡೆ ಮಾರಿ ಮಾಡಿ ಕುಂಡರು.”

ದಸ್ತಗೀರ ಕುಳಿತ. ಅವನ ಬಲಹೆಗಲ ಮೇಲೆ ನಿಂಬೆಹಣ್ಣಿನಷ್ಟು ಗಂಟು ಕಟ್ಟಿತ್ತು. ಮಾವ ಅದನ್ನು ಬೆರಳಿಂದ ಮುಟ್ಟಿದ, ಎಣ್ಣೆ ಹಚ್ಚಿದ, ತಿಕ್ಕತೊಡಗಿದ. ತಿಕ್ಕುತ್ತ ತಿಕ್ಕುತ್ತ ಅತ್ತುಬಿಟ್ಟ. ಮಾವ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ನನ್ನ ಕಣ್ಣೂ ತುಂಬಿ ಬಂತು. ಬೆನ್ನ ಮೇಲೆ ಹನಿ ಬಿದ್ದದ್ದು ದಸ್ತಗೀರನಿಗೆ ತಿಳಿಯದೇ ಇರುತ್ತದೆಯೇ? ಆದರೆ ಅವನು ತಿರುಗಿ ನೋಡಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದ:

“ಇನ್ನೂ ಸ್ವಲ್ಪ ಹೊತ್ತು ತಿಕ್ಕರಿ ಕಾಕಾ. ನನಗೇನ ಅವಸರ ಇಲ್ಲ.”