ಮೂರು ಚೀಟಿಯ ರೋಗಿ

ಈ ಕತೆ ಹೇಳುವ ಯೋಗ್ಯತೆ ನನಗಿದೆಯೇ ಎಂಬ ಅನುಮಾನ ಈಗಲೂ ಇದೆ. ಕಂಪ್ಯೂಟರ್ ಬಗ್ಗೆ ನಾನು ಕಲಿತದ್ದು ಸಂಜೆ ಕ್ಲಾಸಿನಲ್ಲಿ, ಅದೂ ಅರ್ಧ ತೂಕಡಿಸುತ್ತ. ಔಷಧಗಳ ಬಗ್ಗೆ ಗೊತ್ತಿರುವುದು ಅದಕ್ಕಿಂತ ಕಡಿಮೆ. ತಪ್ಪಿದ್ದರೆ ತಿಳಿದವರು ಮನ್ನಿಸಬೇಕು. ಆದರೆ ಆ ಗುಮಾಸ್ತನಿಗೆ ಆದದ್ದನ್ನು ಯಾರಾದರೊಬ್ಬರು ಹೇಳಬೇಕಲ್ಲ.

ಔಷಧ ನಿಯಂತ್ರಣ ಕಚೇರಿಯಲ್ಲಿ ಅವನನ್ನು ಎಲ್ಲರೂ ‘ಇನ್ನೊಂದ್ಸಲ’ ಎಂದೇ ಕರೆಯುತ್ತಿದ್ದರು. ಯಾವ ಕಾಗದ ಕೊಟ್ಟರೂ “ಇನ್ನೊಂದ್ಸಲ ನೋಡ್ತೀನಿ” ಅನ್ನದೆ ಕೈಬಿಡುತ್ತಿರಲಿಲ್ಲ. ಎರಡು ತಿಂಗಳ ಹಿಂದೆ ಅವನ ಮೇಜಿಗೆ ಒಂದು ದಪ್ಪ ಫೈಲು ಬಂತು. ಯಾವ ಡಾಕ್ಟರು ಯಾರಿಗೆ ಎಷ್ಟು ನಿದ್ದೆ ಮಾತ್ರೆ, ನೋವಿನ ಮಾತ್ರೆ ಬರೆದುಕೊಟ್ಟರು ಎಂಬುದನ್ನೆಲ್ಲ ಸರಕಾರ ಒಂದೇ ಕಡೆ ದಾಖಲಿಸಬೇಕು, ಅದಕ್ಕೆ ಮೂರು ಕಂಪನಿಗಳ ಸಾಫ್ಟ್‌ವೇರುಗಳಲ್ಲಿ ಒಂದನ್ನು ಆರಿಸಬೇಕು. ಸಮಿತಿಯಲ್ಲಿ ಐವರಿದ್ದರು. ನಾಲ್ವರು ರಜೆ, ತರಬೇತಿ, ಬೆನ್ನುನೋವು ಎಂದು ಜಾರಿಕೊಂಡರು. ಸಹಿ ಇವನ ಪಾಲಿಗೆ ಬಂತು. ನಾಳೆ ಎಡವಟ್ಟಾದರೆ ಕೊಡಬೇಕಾದ ಕುತ್ತಿಗೆಯೂ ಇವನದೇ.

ಅಂದಿನಿಂದ ಅವನಿಗೆ ನಿದ್ದೆ ಹತ್ತಲಿಲ್ಲ. ಒಬ್ಬ ಡಾಕ್ಟರು ಮೂವತ್ತು ಮಾತ್ರೆ ಬರೆದುಕೊಟ್ಟರು. ಚಟ ಹತ್ತಿಬಿಟ್ಟರೆ ಎಂಬ ಭಯಕ್ಕೆ ಅವನು ಒಂದನ್ನೂ ನುಂಗಲಿಲ್ಲ. ನುಂಗಿಲ್ಲವೆಂದು ಆ ಡಾಕ್ಟರಿಗೆ ಹೇಳಲೂ ಭಯವಾಗಿ ಎರಡನೆಯವರ ಬಳಿ ಹೋದ. ಅವರೂ ಮೂವತ್ತು ಬರೆದರು. ಆಮೇಲೆ ಮೂರನೆಯವರು. ಈಗ ತೊಂಬತ್ತು ಮಾತ್ರೆಗಳು ಅವನ ಬಟ್ಟೆಯ ಕಪಾಟಿನಲ್ಲಿ ಸುಖವಾಗಿ ನಿದ್ದೆ ಮಾಡುತ್ತಿದ್ದವು.

ಮೂರೂ ಸಾಫ್ಟ್‌ವೇರುಗಳ ಪರೀಕ್ಷೆಯ ದಿನ ಬೆಳಿಗ್ಗೆ ನಿರ್ದೇಶಕಿ ಮೇಡಂ ಅವನ ಮೇಜಿನ ಹತ್ತಿರ ನಿಂತರು. “ಬರೀ ಕಟ್ಟುಕತೆ ಔಷಧ ಚೀಟಿ ಹಾಕ್ಬೇಡ್ರಿ. ನಡುವೆ ನಿಜವಾದ್ದೂ ಇರಲಿ. ಐದು ಗಂಟೆಗೆ ಫೈಲು ನನ್ನ ಮುಂದಿರಬೇಕು.”

ಪರರ ಕಾಯಿಲೆಯನ್ನು ಹೊರಗಿನ ಕಂಪನಿಗೆ ತೋರಿಸಲು ಅವನ ಮನಸ್ಸು ಒಪ್ಪಲಿಲ್ಲ. ಹಾಗಾಗಿ ತಯಾರಿಸಿದ ಇನ್ನೂರು ಚೀಟಿಗಳ ನಡುವೆ ತನ್ನ ಮೂರನ್ನೇ ಸೇರಿಸಿ, ಚೀಟಿ ನಂಬರುಗಳ ಪಟ್ಟಿಯಲ್ಲಿ ಅವುಗಳ ಪಕ್ಕ ‘ನಿಜ’ ಎಂದು ಪ್ರಾಮಾಣಿಕವಾಗಿ ಬರೆದ.

ಮೊದಲನೆಯ ಸಾಫ್ಟ್‌ವೇರು ಗಂಟಲಲ್ಲಿ ಏನೋ ಸಿಕ್ಕಿಕೊಂಡವರಂತೆ ಅರ್ಧ ಗಂಟೆ ಒದ್ದಾಡಿ ಸುಮ್ಮನಾಯಿತು. ಎರಡನೆಯದು ಬಣ್ಣಬಣ್ಣದ ಚಕ್ರಗಳನ್ನು ತೋರಿಸಿ, ಎಲ್ಲ ಕ್ಷೇಮವೆಂದಿತು. ಮೂರನೆಯದು ಕ್ಷಣದಲ್ಲಿ ಕೆಂಪಾಗಿ ಕೀಂಯ್ ಎಂದು ಕೂಗಿಕೊಂಡಿತು. ‘ಒಬ್ಬ ರೋಗಿ, ಮೂವರು ವೈದ್ಯರು, ಹದಿನೆಂಟು ದಿನ, ತೊಂಬತ್ತು ಮಾತ್ರೆ.’

ಅವನು ದನಿ ತಗ್ಗಿಸುವ ಗುಂಡಿ ಹುಡುಕತೊಡಗಿದ.

ಕೂಗಿಗೆ ಇಡೀ ಕಚೇರಿ ನೆರೆಯಿತು. ಔಷಧ ಇನ್ಸ್‌ಪೆಕ್ಟರು ಮುಂದೆ ಬಗ್ಗಿ ಪರದೆಯನ್ನೂ ಪಟ್ಟಿಯಲ್ಲಿದ್ದ ‘ನಿಜ’ವನ್ನೂ ನೋಡಿದರು. “ತೊಂಬತ್ತಾ? ಇವನು ತಿನ್ನೋನಲ್ಲ ಕಣ್ರಿ, ಮಾರೋನು.”

“ಮುಖ ನೋಡಿದ್ರೆ ಗೊತ್ತಾಗಲ್ಲ ಸಾರ್ ಇಂಥೋರದ್ದು,” ಎಂದರು ಟೈಪಿಸ್ಟ್ ಅಕ್ಕ. “ನಮ್ಮ ‘ಇನ್ನೊಂದ್ಸಲ’ ಥರ ಪಾಪದೋರ ಹಾಗೆ ಇರ್ತಾರೆ.”

ಎಲ್ಲರೂ ನಕ್ಕರು. ಅವನೂ ನಕ್ಕ. ಹಲ್ಲು ಕೀಳುವಾಗ ಬಾಯಿ ತೆರೆದಂತಿತ್ತು.

“ಹೆಸರು ಕಾಣಲ್ವಲ್ಲಮ್ಮ?” ಎಂದರು ಇನ್ಸ್‌ಪೆಕ್ಟರು ಸಾಫ್ಟ್‌ವೇರು ತೋರಿಸಲು ಬಂದಿದ್ದ ಕಂಪನಿಯ ಹುಡುಗಿಗೆ.

“ಹೆಸರಿಗೆ ಬೀಗ ಇದೆ ಸಾರ್. ನೀವು ಇದನ್ನ ಕೊಂಡರೆ ತೆರೆಯುತ್ತೆ.”

“ಆ ಮೂರು ಚೀಟಿ ಅಳಿಸಿಬಿಡಬಹುದಾ?” ಎಂದು ಅವನು ಕೇಳಿದ.

“ಒಂದ್ಸಲ ಒಳಗೆ ಹೋದ್ದು ಅಳಿಸೋಕಾಗಲ್ಲ ಸಾರ್. ಅದೇ ನಮ್ಮ ಹೆಚ್ಚುಗಾರಿಕೆ.”

“ತೆರೀಲಿ, ತೆರೀಲಿ,” ಇನ್ಸ್‌ಪೆಕ್ಟರು ಕೈ ಉಜ್ಜಿಕೊಂಡರು. “ಸರಕಾರಿ ನೌಕರ ಆಗಿದ್ರಂತೂ ಕೆಲಸಾನೂ ಹೋಯ್ತು, ಜೈಲೂ ಆಯ್ತು.”

ಮಧ್ಯಾಹ್ನ ಹೆಂಡತಿಗೆ ಫೋನು ಮಾಡಿದ. “ಕಪಾಟಲ್ಲಿರೋ ಮಾತ್ರೆ ಯಾರ ಕಣ್ಣಿಗೂ ಬೀಳೋದು ಬೇಡ ಕಣೆ.”

“ಬಿದ್ದಾಯ್ತಲ್ರೀ. ಪಕ್ಕದ ಮನೆಯೋರಿಗೆ ನಿದ್ದೆ ಬರ್ತಿಲ್ಲ ಅಂದ್ರು. ಹತ್ತು ಕೊಟ್ಟೆ.”

ಅವನು ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಇನ್ಸ್‌ಪೆಕ್ಟರು ಹೇಳಿದ್ದು ಈಗ ಮುಕ್ಕಾಲು ನಿಜವಾಗಿತ್ತು. “ಓಡಿಹೋಗಿ ವಾಪಸ್ ಇಸ್ಕೊ. ಈಗಲೇ,” ಎಂದ.

ದಾರಿ ಸುಲಭವಿತ್ತು. ಬಣ್ಣದ ಚಕ್ರಗಳದ್ದನ್ನು ಆರಿಸಿದರೆ ಬೀಗ ತೆರೆಯುವುದೇ ಇಲ್ಲ. ಪೆನ್ನೂ ತೆಗೆದ. ಆದರೆ ಫೈಲಿನ ಮೊದಲ ಹಾಳೆ ಒಬ್ಬ ಹೆಂಗಸಿನ ಅರ್ಜಿ. ಅವಳ ತಮ್ಮ ಐವರು ಡಾಕ್ಟರ ಬಳಿ ಮಾತ್ರೆ ಬರೆಸಿಕೊಂಡು ನುಂಗಿ ಒಂದು ಬೆಳಿಗ್ಗೆ ಏಳಲಿಲ್ಲ. ‘ಯಾರಾದರೂ ಒಬ್ಬರು ಎಣಿಸಿದ್ದರೆ ಸಾಕಿತ್ತು’ ಎಂದು ಬರೆದಿದ್ದಳು. ಅವನು ಅದನ್ನು ಓದಿದ. ಇನ್ನೊಂದು ಸಲ ಓದಿದ.

ನಾಲ್ಕು ಮುಕ್ಕಾಲಿಗೆ ಮೂರನೆಯ ಸಾಫ್ಟ್‌ವೇರೇ ಆಗಬೇಕೆಂದು ಬರೆದ. ಜೊತೆಗೆ ‘ಆ ರೋಗಿ ನಾನೇ, ಮಾತ್ರೆ ನುಂಗಿಲ್ಲ, ಕ್ಷಮಿಸಬೇಕು’ ಎಂದು ಒಂದು ಹಾಳೆ ಬರೆದು ಸಹಿ ಮಾಡಿದ. ಅದನ್ನು ಮೇಲಿಡಲು ಮಾತ್ರ ಧೈರ್ಯ ಸಾಲಲಿಲ್ಲ. ದರಪಟ್ಟಿ ಮತ್ತು ಗ್ಯಾರಂಟಿ ಪತ್ರದ ನಡುವೆ ಸೇರಿಸಿದ.

ಮೇಡಂ ಫೈಲು ತೆರೆದರು. ಹಾಳೆಗಳು ಸರಸರನೆ ತಿರುಗಿದವು, ಪ್ರತಿಯೊಂದರ ಮೂಲೆಗೂ ಒಂದು ಪುಟ್ಟ ಸಹಿ ಬಿತ್ತು. ಅವನ ಹಾಳೆಗೂ ಬಿತ್ತು. ಅವನು ಕಾದ. ಭೂಮಿ ಬಾಯಿ ಬಿಡಲಿಲ್ಲ.

“ಒಳ್ಳೇ ಆಯ್ಕೆ. ಮೊದಲ ದಿನವೇ ಕಳ್ಳನ್ನ ಹಿಡೀತಲ್ಲ,” ಎಂದು ಮೇಡಂ ಆದೇಶ ಬರೆದು ಅವನತ್ತ ತಳ್ಳಿದರು. “ಮೂರು ಚೀಟಿಯ ರೋಗಿ ಮೇಲೆ ವಿಚಾರಣೆ ಆಗಬೇಕು. ವಿಚಾರಣಾಧಿಕಾರಿ ನೀವು. ನಿಮ್ಮಷ್ಟು ಪ್ರಾಮಾಣಿಕರು ಇಲ್ಲಿ ಇನ್ಯಾರಿದ್ದಾರೆ?”

“ಮೇಡಂ, ಆ ವ್ಯಕ್ತಿ ನನಗೆ ಪರಿಚಯ.”

“ಇನ್ನೂ ಒಳ್ಳೇದಾಯ್ತಲ್ರಿ. ಏಳು ದಿನದಲ್ಲಿ ತಪ್ಪೊಪ್ಪಿಗೆ ತನ್ನಿ. ಅಲ್ಲೀವರೆಗೆ ಅವನ ಮೇಲಿಂದ ಕಣ್ಣು ತೆಗೀಬೇಡಿ. ಹಗಲೂ ರಾತ್ರಿ.”

ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಅವನು ಹೊರಗೆ ಬಂದು, ತನ್ನ ಮೇಜಿನ ಮುಂದೆ ಕುಳಿತು, ತನ್ನ ಮನೆಯ ವಿಳಾಸಕ್ಕೆ ಮೊದಲ ನೋಟೀಸು ಬರೆಯತೊಡಗಿದ. ‘ಮಾನ್ಯರೇ’ ಎನ್ನಬೇಕೇ ಬೇಡವೇ ಎಂದು ಬಹಳ ಹೊತ್ತು ಯೋಚಿಸಿದನಂತೆ.

ಮೇಡಂ ಆ ನಡುವಿನ ಹಾಳೆಯನ್ನು ಓದಿರಲಿಲ್ಲವೋ, ಓದಿಯೇ ಆ ಆದೇಶ ಬರೆದರೋ, ನನಗೆ ತಿಳಿಯದು. ಕೇಳುವ ಧೈರ್ಯ ಅವನಿಗಿರಲಿಲ್ಲ, ನನಗೂ ಇಲ್ಲ.